ಫಾರ್ಸಿ ಅಂಕಿಯ ಬುಧವಾರಗಳು

"ನಂಬರ್ ಮತ್ತೆ ಕೆಟ್ಟೋಗಿದೆ, ನೋಡಿ." ಮುಬಶ್ಶಿರಾ ಪೆನ್‌ಡ್ರೈವ್ ಮೇಜಿನ ಮೇಲಿಟ್ಟು ಕಣ್ಣಲ್ಲೇ ನಕ್ಕಳು.

"ನಿಮ್ಮನೆಗೆ ಹೋದ್ಮೇಲೆ ಅದೆಂಗ್ರೀ ಕೆಡ್ತದೆ?" ಎಂದ ಮಾದೇಶ.

"ಡಿಟಿಪಿ ಮಾಡೋರು ನೀವು. ನನ್ನ ಕೇಳ್ತೀರಾ?"

ತೆರಕಣಾಂಬಿಯ ಹಕೀಮ ಅಬ್ದುಲ್ ಜಬ್ಬಾರರ ಉರ್ದು ಮದ್ದಿನ ಪುಸ್ತಕವನ್ನು ಮೊಮ್ಮಗಳು ಮುಬಶ್ಶಿರಾ ಮನೆಯಲ್ಲಿ ಟೈಪ್ ಮಾಡಿ ಪ್ರತಿ ಬುಧವಾರ ತರುತ್ತಿದ್ದಳು. ಚಾಮರಾಜನಗರದ ಡಿಟಿಪಿ ಅಂಗಡಿಯಲ್ಲಿ ಮಾದೇಶ ಪುಟ ಕಟ್ಟುತ್ತಿದ್ದ. ಅಧ್ಯಾಯದ ನಂಬರು ಫಾರ್ಸಿ ಅಂಕಿಯಲ್ಲೇ ಇರಬೇಕೆಂಬುದು ಹಕೀಮರ ಹಟ. ಸಾಫ್ಟ್‌ವೇರ್ ಅರಬ್ಬಿ ಅಂಕಿ ಹಾಕುತ್ತಿತ್ತು. ಅದರಲ್ಲಿ ನಾಲ್ಕು, ಐದು, ಆರರ ಆಕಾರವೇ ಬೇರೆ. ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು. ಮಾದೇಶ ಮೊದಲ ದಿನವೇ ಬದಲಿಸಿದ್ದ. ಮುಂದಿನ ಬುಧವಾರದೊಳಗೆ ಯಾರೋ ಅದನ್ನು ಮತ್ತೆ ಹಳೆಯದಕ್ಕೇ ತಿರುಗಿಸಿರುತ್ತಿದ್ದರು. ಯಾರೆಂದು ಎರಡನೇ ಸಲವೇ ತಿಳಿಯಿತು. ತಿಳಿಯದವನಂತೆ ಇದ್ದುಬಿಟ್ಟ. ಬುಧವಾರ ಬಂದರೆ ಮಾತ್ರ ಇಸ್ತ್ರಿ ಶರ್ಟು ಹಾಕುತ್ತಿದ್ದ.

ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಎರಡು ವಾರದಿಂದ ಇಬ್ಬರು ಕೂರತೊಡಗಿದ್ದರು. ಅವಳು ಬಂದಾಗಲೆಲ್ಲ ಒಬ್ಬ ಮೊಬೈಲ್ ಎತ್ತಿ ಅವಳ, ಮಾದೇಶನ ವಿಡಿಯೊ ತೆಗೆಯುತ್ತಿದ್ದ.

ಐದನೇ ಬುಧವಾರ ಮಾದೇಶ ಬರುವಷ್ಟರಲ್ಲಿ ಅಂಗಡಿಯ ಯಜಮಾನರಾದ ಅವನ ಚಿಕ್ಕಪ್ಪ ಪುಟ್ಟಮಲ್ಲಪ್ಪ ಅವನ ಕುರ್ಚಿಯಲ್ಲಿ ಕೂತಿದ್ದರು. ಪೆನ್‌ಡ್ರೈವ್ ಇತ್ತು, ಅವಳಿರಲಿಲ್ಲ. ಬೆಂಚಿನಲ್ಲಿ ನಾಲ್ವರಿದ್ದರು.

"ಈ ನಂಬರ್ ತಂತಾನೆ ಕೆಡಾಕಿಲ್ವಂತೆ." ಪುಟ್ಟಮಲ್ಲಪ್ಪ ಅವನತ್ತ ತಿರುಗಿದರು. " ಯಾರ್ಲಾ ಕೆಡುಸ್ತಿರದು? ಆ ಹುಡ್ಗಿ ಆದ್ರೆ ಈಗ್ಲೇ ಅವ್ರಪ್ಪಂಗೆ ಫೋನ್ ಮಾಡ್ಬುಡ್ತೀನಿ. ಇನ್ನು ಹೊಸ್ಲು ದಾಟ್ಸಾಕಿಲ್ಲ ಅವಳ್ನ."

ಮಾದೇಶ ಪೆನ್‌ಡ್ರೈವ್ ಎತ್ತಿಕೊಂಡ. "ಅವ್ರಲ್ಲ ಚಿಕ್ಕಪ್ಪ, ನಾನೇ. ಅವ್ರು ಮತ್ತೆ ಬರ್ಲಿ ಅಂತ."

ಅವಳಿಗೇ ಹೇಳದ ಮಾತನ್ನು ಚಿಕ್ಕಪ್ಪನಿಗೆ ಹೇಳಿಬಿಟ್ಟಿದ್ದ.

ಪುಟ್ಟಮಲ್ಲಪ್ಪ ಕೈಯಲ್ಲಿದ್ದ ಫೋನು ಕೆಳಗಿಟ್ಟರು. "ಈಗ್ತಾನೆ ಅವಳ್ನೂ ಹೆದರುಸ್ದೆ. 'ಮಾದೇಶ ಕೆಡುಸಿದ್ರೆ ಇವತ್ತೇ ಕೆಲ್ಸ ಬುಡ್ಸಿ ಅವ್ನೂರು ಉಡಿಗಾಲಕ್ಕೆ ಅಟ್ತೀನಿ' ಅಂದೆ. 'ಅವ್ರಲ್ಲ, ನಾನೇ ಕೆಡ್ಸಿದ್ದು, ಅವ್ರನ್ನ ನೋಡಕ್ಕೆ' ಅಂದ್ಳು. ನನ್ ಮುಖ ನೋಡ್ಕೊಂಡೇ ಅಂದ್ಳು ಕಣ್ಲಾ. ಫೋನ್ ಮಾಡಾಕೆ ಕೈ ಬರ್ನಿಲ್ಲ."

ಆಗಲೇ ಹೊರಗೆ ಬೆಂಚಿನವರ ಬೈಕುಗಳು ಸ್ಟಾರ್ಟ್ ಆದವು.

"ಅವಳೆಲ್ಲವ್ಳೆ?"

"ಬಸ್ ಸ್ಟ್ಯಾಂಡ್ಗೆ ಹೋದ್ಳು. ನೀ ಓಗ್ಬ್ಯಾಡ ಮಗ. ಅವ್ರೂ ಅಲ್ಗೇ ಓಯ್ತಾವ್ರೆ."

ಅವನು ಓಡಿದ. ಬಸ್ ಸ್ಟ್ಯಾಂಡಿನಲ್ಲಿ ನಾಲ್ವರೂ ಅವಳನ್ನು ಸುತ್ತುವರಿದು ನಿಂತಿದ್ದರು. ಸುತ್ತಲಿನ ಜನ ಬೇರೆಲ್ಲೋ ನೋಡುತ್ತಿದ್ದರು. ಮಾದೇಶ ನಡುವೆ ನುಗ್ಗಿ ಅವಳ ಪಕ್ಕಕ್ಕೆ ಬಂದ.

"ಯಾಕ್ ಬಂದ್ರಿ? ಹೊಡೆದಾಕ್ತಾರೆ," ಎಂದಳು ಮುಬಶ್ಶಿರಾ.

"ಬಸ್ ಬರೋಗಂಟ ನಿಂತಿರ್ತೀನಿ."

ತೆರಕಣಾಂಬಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.