ದೀಪದ ಎಣ್ಣೆ ಹಚ್ಚಿದ ಕಾರು

"ಹೋಗು... ಪ್ಲೀಸ್, ಹೋಗು!"

ಸುಮೇಧಾ ಮೂಗು ನೆಲಕ್ಕೆ ತಾಗುವಷ್ಟು ಬಾಗಿ ತನ್ನ ರಟ್ಟಿನ ಕಾರನ್ನು ಬೇಡಿಕೊಂಡಳು. ಹಿಂದಿನ ಚಕ್ರಗಳು ಗಿರ್ರನೆ ತಿರುಗಿದವು. ಸುತ್ತಿದ್ದ ರಬ್ಬರ್ ಬ್ಯಾಂಡ್ ಪೂರ್ತಿ ಬಿಚ್ಚಿಕೊಂಡಿತು. ಕಾರು ಮಾತ್ರ ಇದ್ದಲ್ಲೇ ಇತ್ತು.

"ಟ್ರೆಡ್‌ಮಿಲ್ ಮೇಲೆ ಓಡ್ತಿದೆ ಮಿಸ್!" ಎಂದು ಗುರುಚರಣ ಕೂಗಿದ. ಐದನೇ ಕ್ಲಾಸಿಗೆ ಕ್ಲಾಸೇ ನಕ್ಕಿತು.

ಗುಣವತಿ ಮಿಸ್ ಚಕ್ರ ಮುಟ್ಟಿ ನೋಡಿದರು. ಬೆರಳು ಜಾರಿತು.

"ರಬ್ಬರ್‌ನಲ್ಲಿ ಎನರ್ಜಿ ಇದೆ. ಚಕ್ರಾನೂ ತಿರುಗ್ತಿದೆ. ಆದ್ರೆ ಚಕ್ರ ನೆಲಾನ ಹಿಂದಕ್ಕೆ ತಳ್ಳಿದ್ರೆ ತಾನೇ ಕಾರು ಮುಂದೆ ಹೋಗೋದು? ಅದಕ್ಕೆ ಹಿಡಿತ ಬೇಕು, ಫ್ರಿಕ್ಷನ್ ಬೇಕು. ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

ಎಲ್ಲರ ಕಣ್ಣೂ ಸುಮೇಧಾಳ ಮೇಲೆ.

"ನಮ್ಮಜ್ಜಿ ಹಾಕ್ಬಿಟ್ರು ಮಿಸ್. ಅವರಿಗೆ ಈಗ ಏನೂ ನೆನಪಿರಲ್ಲ."

"ಪಾಟಿ ಕಾರ್! ಪಾಟಿ ಕಾರ್!" ಹಿಂದಿನ ಬೆಂಚಿನಿಂದ ತಮಿಳು ಹುಡುಗರು ಶುರು ಮಾಡಿದರು. ಅಜ್ಜಿಯ ಕಾರಂತೆ!

ಶನಿವಾರದ ಎಕ್ಸಿಬಿಷನ್‌ಗೆ ಅವಳ ಕಾರು ಸೆಲೆಕ್ಟ್ ಆಗಲಿಲ್ಲ.

ಬೆಳಿಗ್ಗೆ ನಡೆದದ್ದೇ ಬೇರೆ. ಅಮ್ಮಣ್ಣಿ ಅಜ್ಜಿ ದೇವರ ಮುಂದೆ ಕೂತು ದೀಪಕ್ಕೆ ಬತ್ತಿ ಹಾಕುತ್ತಿದ್ದಳು. ಸುಮೇಧಾ ಎಣ್ಣೆ ಕೇಳಿದಳು.

"ಮುಟ್ಬೇಡ್ವೇ, ಮಡೀಲಿದೀನಿ. ಕೈ ಚಾಚು, ಮೇಲಿಂದ ಹುಯ್ತೀನಿ."

ಅಂಗೈಗೆ ಬಿದ್ದ ಎಳ್ಳೆಣ್ಣೆಯನ್ನು ಸುಮೇಧಾ ಚಕ್ರ ಸಿಕ್ಕಿಸಿದ ಕಡ್ಡಿಗೆ ಹಚ್ಚಿದಳು. ಆಮೇಲೆ ಚಕ್ರಕ್ಕೂ ಸವರತೊಡಗಿದಳು.

"ಕಡ್ಡಿಗೆ ಸಾಲ್ದೇನೇ? ಚಕ್ರಕ್ಕೂ ಯಾಕೆ?"

"ನಿಂಗೆ ಸೈನ್ಸ್ ಗೊತ್ತಿಲ್ಲ ಅಜ್ಜೀ. ಫ್ರಿಕ್ಷನ್ ಕಮ್ಮಿಯಾದ್ರೆ ಸ್ಪೀಡ್ ಜಾಸ್ತಿ."

ಕೆಳಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆದಿತ್ತು. ಒಂದು ಸಲ ಓಡಿಸಿ ನೋಡುವುದಕ್ಕೂ ಟೈಮಿರಲಿಲ್ಲ.

ಸಂಜೆ ವೇಲಚೇರಿಯ ಅವರ ಫ್ಲಾಟಿನ ಲಿಫ್ಟ್‌ನಲ್ಲಿ ಅಮ್ಮ ಸಿಕ್ಕಳು. ಅದೇ ಬಿಲ್ಡಿಂಗಿನ ಗುರುಚರಣನೂ ಇದ್ದ.

"ಆಂಟೀ, ನಿಮ್ಮನೆ ಅಜ್ಜಿ ಕಾರಿಗೆಲ್ಲ ಎಣ್ಣೆ ಹಾಕ್ಬಿಟ್ರಂತೆ! ಓಡ್ಲೇ ಇಲ್ಲ!"

ಹೋದ ತಿಂಗಳು ಅಜ್ಜಿ ಹಾಲು ಒಲೆಯ ಮೇಲಿಟ್ಟು ಮರೆತಿದ್ದಳು. ಪಾತ್ರೆ ಸುಟ್ಟು ಮನೆಯೆಲ್ಲ ಹೊಗೆಯಾಗಿತ್ತು. ಅಂದಿನಿಂದ ಅಜ್ಜಿಗೆ ಅಡಿಗೆಮನೆ ಇಲ್ಲ. ಉಳಿದಿದ್ದ ಕೆಲಸ ಒಂದೇ, ದೀಪ ಹಚ್ಚುವುದು.

ಅಮ್ಮ ಚಪ್ಪಲಿ ಬಿಟ್ಟವಳೇ ದೇವರ ಮುಂದಿದ್ದ ಎಣ್ಣೆ ಗಿಂಡಿಯನ್ನೂ ಬೆಂಕಿಪೊಟ್ಟಣವನ್ನೂ ತೆಗೆದು ಮೇಲಿನ ಶೆಲ್ಫಿಗಿಟ್ಟಳು. ಅಲ್ಲಿಗೆ ಅಜ್ಜಿಯ ಕೈ ಎಟಕುವುದಿಲ್ಲ.

"ಇನ್ಮೇಲೆ ನಾನೇ ಹಚ್ತೀನಿ ಅತ್ತೆ. ಇವತ್ತು ಮಗು ಕಾರಿಗೆ ಎಣ್ಣೆ ಹುಯ್ದಿದೀರಿ. ನಾಳೆ ಇನ್ನೆಲ್ಲಿಗೋ!"

ಅಜ್ಜಿ ಕಣ್ಣು ಕಿರಿದು ಮಾಡಿ ಯೋಚಿಸಿದಳು. ಎಲ್ಲೋ ಇಟ್ಟು ಮರೆತದ್ದನ್ನು ಹುಡುಕುವವಳ ಹಾಗೆ.

"ನಾನಾ ಹುಯ್ದಿದ್ದು? ಹೂಂ... ಹುಯ್ದ ಹಾಗೆ ನೆನಪು ವೃಂದಾ." ಸುಮೇಧಾಳ ಕಡೆ ತಿರುಗಿದಳು. "ನಿನ್ನ ಕಾರು ನನ್ನಿಂದ ಹಾಳಾಯ್ತಾ ಕಂದಾ?"

ಸುಮೇಧಾ ಅಮ್ಮನ ಕೈ ಹಿಡಿದೆಳೆದಳು.

"ಇಲ್ಲಮ್ಮಾ! ಚಕ್ರಕ್ಕೆ ಸವರಿದ್ದು ನಾನು. ಅಜ್ಜಿ ಬೇಡ ಅಂತಾನೇ ಅಂದಿದ್ಲು. ನಾನು ಮಿಸ್ ಹತ್ರ ಸುಳ್ಳು ಹೇಳ್ದೆ."

ಅಮ್ಮ ಅವಳ ತಲೆ ಸವರಿದಳು. "ಅಜ್ಜಿ ಪರ ವಹಿಸ್ಕೋತೀಯಾ? ಒಳ್ಳೇದೇ. ಆದ್ರೆ ಇದರಲ್ಲೆಲ್ಲ ಸುಳ್ಳು ಬೇಡ ಚಿನ್ನಾ."

"ಸುಳ್ಳಲ್ಲಮ್ಮಾ, ನಿಜವಾಗ್ಲೂ!"

"ಬಿಡು ಕಂದಾ," ಅಜ್ಜಿಯೇ ಅಂದಳು. "ನಾನೇ ಇರ್ಬೇಕು. ಈಗೀಗ ಎಲ್ಲಾ ನಾನೇ ಮಾಡಿರ್ತೀನಿ."

ಸುಮೇಧಾ ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆ ಜೋರಾಗಿ, ಅಳುತ್ತಾ ಹೇಳಿದಳು. ಬೆಳಿಗ್ಗೆ ಒಂದೇ ಸಲಕ್ಕೆ ಇಡೀ ಕ್ಲಾಸು ನಂಬಿತ್ತು. ಈಗ ಎಷ್ಟು ಹೇಳಿದರೂ ಮಾತು ಇದ್ದಲ್ಲೇ ತಿರುಗುತ್ತಿತ್ತು.

ದೀಪ ಹಚ್ಚುವ ಹೊತ್ತಾಯಿತು. ಅಮ್ಮನೇ ಹಚ್ಚಿದಳು. ಅಜ್ಜಿ ಸೋಫಾದ ಮೂಲೆಯಲ್ಲಿ ಕೂತಿದ್ದಳು. ಅವಳ ಎರಡು ಬೆರಳು ಮಾತ್ರ ಬತ್ತಿ ಹೊಸೆಯುವ ಹಾಗೆ ಸುಮ್ಮನೆ ಆಡುತ್ತಿದ್ದವು.

ಸುಮೇಧಾ ಕಾರನ್ನು ಬಚ್ಚಲಿಗೆ ಒಯ್ದಳು. ಚಕ್ರ ಬಿಚ್ಚಿ, ಸೋಪು ಹಾಕಿ ಉಜ್ಜಿ, ತೊಳೆದು ಬೆರಳಿಟ್ಟು ನೋಡಿದಳು. ಜಾರಿತು. ಎರಡನೇ ಸಲ ಉಜ್ಜಿದಳು. ಇನ್ನೂ ಜಿಡ್ಡು.

ಹಚ್ಚುವುದಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ನಾಳೆ ಮೊದಲು ಮಿಸ್ ಹತ್ತಿರ ಹೇಳಬೇಕು. ಆಮೇಲೆ ಇಡೀ ಕ್ಲಾಸಿಗೆ. ಗುರುಚರಣನಿಗೆ. ಮತ್ತೆ ಅಮ್ಮನಿಗೆ. ಎಲ್ಲರಿಗಿಂತ ಹೆಚ್ಚು ಸಲ ಅಜ್ಜಿಗೆ; ಅವಳು ಮರೆತಾಗಲೆಲ್ಲ.

ಅವಳು ಮೂರನೇ ಸಲ ಸೋಪು ಎತ್ತಿಕೊಂಡಳು.