ಬದಲಿ ಕಾರಿನ ಸ್ಟೆಪ್ನಿ

ನಟವರಲಾಲ ಡಿಕ್ಕಿಯ ಮುಚ್ಚಳ ಎತ್ತಿದ. ಬಗ್ಗಿ ನೋಡಿದ. ನೆಟ್ಟಗಾಗಿ, ಮತ್ತೊಮ್ಮೆ ಬಗ್ಗಿದ.

“ಐತಾಳ್ ಶೇಠ್, ಸ್ಟೆಪ್ನಿ ಎಲ್ಲಿ?”

ದಾಮೋದರ ಐತಾಳರು ಹತ್ತಿರ ಬಂದರು. “ಅಲ್ಲೇ ಇದೆಯಲ್ಲ.”

“ಇದಲ್ಲ! ನಾವು ಕೊಟ್ಟದ್ದು ಹೊಚ್ಚ ಹೊಸ ಟೈರು. ಇದನ್ನು ನೋಡಿ— ಸವೆದು ಸವೆದು ಗೆರೆಗಳೇ ಅಳಿಸಿಹೋಗಿವೆ. ಯಾರೋ ಬದಲಾಯಿಸಿದ್ದಾರೆ!”

ಅವನ ದನಿ ದೊಡ್ಡದಾಗಿತ್ತು. ಶೆಡ್ಡಿನಲ್ಲಿದ್ದ ಮೆಕ್ಯಾನಿಕ್ಕರು ಕೆಲಸ ನಿಲ್ಲಿಸಿ ಇತ್ತ ತಿರುಗಿದರು.

ಅದು ೧೯೬೬ರ ಜನವರಿಯ ಕೊನೆಯ ಶುಕ್ರವಾರ. ಸೂರತ್ತಿನ ಉಧ್ನಾ ದರವಾಜಾ ಬಳಿಯ ಮೋಟರ್ ಶೋರೂಮಿನ ಅಂಗಳ. ಐತಾಳರು ಕೋಟದ ಕಡೆಯವರು. ಹದಿನಾಲ್ಕು ವರ್ಷಗಳಿಂದ ಸ್ಟೇಷನ್ನಿನ ಎದುರು ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಹೆಸರು ಬರೆಸಿ ಆರು ವರ್ಷ ಕಾದ ಮೇಲೆ ಅವರಿಗೊಂದು ಹೊಸ ಕಾರು ಸಿಕ್ಕಿತ್ತು. ನಾಲ್ಕನೆಯ ತಿಂಗಳಿಗೇ ಅದರ ಗೇರ್‌ಬಾಕ್ಸು ಗುರುಗುಟ್ಟತೊಡಗಿತು. ವಾರಂಟಿ ಇತ್ತು. ಆದರೆ ಬೇಕಾದ ಭಾಗ ಬೊಂಬಾಯಿಯಿಂದ ಬರಬೇಕು, ಮೂರು ವಾರ ಹಿಡಿಯುತ್ತದೆ ಎಂದರು. ಶೋರೂಮಿನ ಮ್ಯಾನೇಜರ್ ದೇಸಾಯಿ ಸಭ್ಯ ಮನುಷ್ಯ. ಅಷ್ಟು ದಿನ ಓಡಿಸಿಕೊಳ್ಳಲು ತಮ್ಮದೊಂದು ಹಳೆಯ ಕಪ್ಪು ಕಾರನ್ನು ಬದಲಿಗೆ ಕೊಟ್ಟಿದ್ದರು. ಕಾರುಗಳನ್ನು ಒಪ್ಪಿಸುವ, ಹಿಂದಕ್ಕೆ ಪಡೆಯುವ ಕೆಲಸ ನಟವರಲಾಲನದು.

ಅವನು ಒಳಗಿನಿಂದ ಒಂದು ಚೀಟಿ ತಂದ. ‘ಜಾಕ್ ಒಂದು, ಬ್ಯಾಟರಿ ಒಂದು, ಸ್ಟೆಪ್ನಿ ಹೊಸತು ಒಂದು.’ ಕೆಳಗೆ ಐತಾಳರ ರುಜು.

“ರುಜು ನನ್ನದೇ,” ಎಂದರು ಐತಾಳರು. ಡಿಕ್ಕಿಯೊಳಗೆ ನೋಡಿ ರುಜು ಹಾಕಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ಯತ್ನಿಸಿದರು. ನೆನಪಾಗಲಿಲ್ಲ.

“ನಿಮ್ಮನ್ನು ಯಾರು ಅನುಮಾನಿಸುತ್ತಾರೆ, ಶೇಠ್?” ನಟವರಲಾಲ ದನಿ ತಗ್ಗಿಸಿದ. “ಕಾರು ಓಡಿಸಿದ್ದು ಯಾರು?”

ಎಲ್ಲರ ಕಣ್ಣೂ ಭೀಖುವಿನ ಮೇಲೆ ಹೋಯಿತು. ಐತಾಳರ ಬಳಿ ಎಂಟು ವರ್ಷಗಳಿಂದ ಇದ್ದ ಡ್ರೈವರು ಅವನು. ಮೊದಲು ಹೋಟೆಲಿನ ಹಳೆಯ ವ್ಯಾನು ಓಡಿಸುತ್ತಿದ್ದ, ಈಗ ಕಾರು.

ಹೊಸ ಟೈರು ಅಂಗಡಿಗಳಲ್ಲಿ ಸಿಗದ ಕಾಲ ಅದು. ಕಾಳಸಂತೆಯಲ್ಲಿ ಯಾರು ಬೇಕಾದರೂ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಐತಾಳರ ತಲೆಯಲ್ಲಿ ಆ ಯೋಚನೆ ಹಾದುಹೋಯಿತು. ಅದು ಹಾದುಹೋದದ್ದಕ್ಕೇ ಅವರಿಗೆ ಕಸಿವಿಸಿಯಾಯಿತು. ಆದರೂ ಕೇಳಿಬಿಟ್ಟರು.

“ಭೀಖು, ನೀನು ಇದನ್ನೇನಾದರೂ...?”

ಭೀಖು ಕಾರಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಗೇಟಿನಾಚೆ ನಡೆದ.

“ನೋಡಿದಿರಾ?” ಎಂದ ನಟವರಲಾಲ. “ಒಂದು ಟೈರಿನ ಬೆಲೆ ಕೊಟ್ಟು ಮುಗಿಸಿಬಿಡಿ. ಪೊಲೀಸು ಗಿಲೀಸು ಯಾಕೆ?”

ಸದ್ದು ಕೇಳಿ ಹೊರಬಂದ ದೇಸಾಯಿಯವರು ಒಪ್ಪಲಿಲ್ಲ. ಸೋಮವಾರ ಬೆಳಿಗ್ಗೆಯೊಳಗೆ ವಿಷಯ ಇತ್ಯರ್ಥವಾಗದಿದ್ದರೆ ಪೊಲೀಸ್ ಚೌಕಿಗೆ ದೂರು ಹೋಗುತ್ತದೆ, ಅಲ್ಲಿಯವರೆಗೆ ಐತಾಳರ ಕಾರು ಇಲ್ಲೇ ಇರಲಿ ಎಂದರು. ಸವೆದ ಟೈರನ್ನು ಡಿಕ್ಕಿಯಿಂದ ತೆಗೆಸಿ, ತಮ್ಮ ಕೋಣೆಯಲ್ಲೇ ಇಡಿಸಿ ಬೀಗ ಹಾಕಿಕೊಂಡರು.

ಮನೆಯಲ್ಲಿ ಹೆಂಡತಿ ನಾಗವೇಣಿ ಎಲ್ಲವನ್ನೂ ಕೇಳಿಸಿಕೊಂಡರು.

“ದುಡ್ಡು ಕೊಟ್ಟು ಮುಗಿಸುವುದಾ? ಭೀಖು ಕಳ್ಳ ಅಂತ ನಾವೇ ಬರೆದುಕೊಟ್ಟ ಹಾಗೆ ಆಗ್ತದೆ. ಬೇಡ. ನಾನು ಪಾಂಡುವಿಗೆ ಫೋನು ಮಾಡಿಸ್ತೇನೆ.”

“ಪಾಂಡು ಎಂತ ಮಾಡ್ತಾನೆ? ಅವ ಪೊಲೀಸಾ?”

“ಪೊಲೀಸರಿಗೆ ಸಿಗದ್ದು ಅವನಿಗೆ ಸಿಗ್ತದೆ.”

ನಾಗವೇಣಿಯ ತಮ್ಮ ಪಾಂಡುರಂಗ ಹೊಳ್ಳರು ವಡೋದರೆಯಲ್ಲಿ ರೈಲ್ವೆಯ ಕ್ಲೇಮ್ಸ್ ಇನ್‌ಸ್ಪೆಕ್ಟರು. ದಾರಿಯಲ್ಲಿ ಒಡೆದ, ಸೋರಿದ, ಕಾಣೆಯಾದ ಪಾರ್ಸೆಲುಗಳು ಯಾವ ಯಾವ ಸ್ಟೇಷನ್ನುಗಳ ನಡುವೆ ಹಾಗಾದವು ಎಂದು ಪತ್ತೆ ಹಚ್ಚುವುದು ಅವರ ನಿತ್ಯದ ಕೆಲಸ. ಸೋಮವಾರ ಮುಂಜಾನೆಯ ಗಾಡಿಗೆ ಬಂದಿಳಿದರು. ಕಾಫಿ ಲೋಟ ಕೈಗೆ ಬರುವ ಮೊದಲೇ ಪ್ರಶ್ನೆ ಶುರು.

“ಭಾವ, ಆ ಬದಲಿ ಕಾರು ತಂದ ದಿನದ್ದು ಹೇಳಿ. ಬೆಳಿಗ್ಗೆಯಿಂದ ಹೇಳಿ.”

“ಅದರಲ್ಲಿ ಎಂತ ಉಂಟು? ಬೆಳಿಗ್ಗೆ ಪಾರ್ಸೆಲ್ ಆಫೀಸಿಗೆ ಹೋದೆ. ಊರಿಂದ ತೆಂಗಿನೆಣ್ಣೆ ಡಬ್ಬ ಬಂದಿತ್ತು. ಅದನ್ನು ನಮ್ಮ ಕಾರಿಗೆ ಹಾಕಿಕೊಂಡು ಸೀದಾ ಶೋರೂಮಿಗೆ.”

“ಅಲ್ಲಿ?”

“ನಮ್ಮ ಕಾರನ್ನು ಶೆಡ್ಡಿನ ನೆರಳಲ್ಲಿ ನಿಲ್ಲಿಸಿದ್ರು. ಕಾಗದ ಪತ್ರ ಮುಗಿಯುವಾಗ ಮಧ್ಯಾಹ್ನ ಹನ್ನೆರಡೂವರೆ. ಡಬ್ಬವನ್ನು ಆ ನಟವರಲಾಲನೇ ಕಪ್ಪು ಕಾರಿನ ಡಿಕ್ಕಿಗೆ ಇಟ್ಟ. ಮುಚ್ಚಿ ಕೀಲಿ ನನ್ನ ಕೈಗೆ ಕೊಟ್ಟ.”

“ಕಪ್ಪು ಕಾರು ಎಲ್ಲಿ ನಿಂತಿತ್ತು?”

“ಅಂಗಳದಲ್ಲಿ. ಬಿಸಿಲಲ್ಲಿ. ಸೀಟು ಕಾದು ಕೂತುಕೊಳ್ಳಲಿಕ್ಕೆ ಆಗ್ತಿರಲಿಲ್ಲ ಮಾರಾಯ.”

“ಭೀಖು?”

“ಅವ ಎಲ್ಲಿದ್ದ? ತಂಗಿಗೆ ಮಗು ಆಗಿದೆ ಅಂತ ಬಾರ್ಡೋಲಿಗೆ ಹೋಗಿದ್ದ. ಎರಡು ದಿನ ರಜೆ. ನಾನೇ ಓಡಿಸಿಕೊಂಡು ಬಂದೆ. ಹೋಟೆಲಿನ ಎದುರು ನಿಲ್ಲಿಸಿದೆ. ಊಟದ ಹೊತ್ತು, ಜನವೋ ಜನ. ಗಲ್ಲಾಪೆಟ್ಟಿಗೆ ಬಿಟ್ಟು ಏಳಲಿಕ್ಕೆ ಆಗಲಿಲ್ಲ. ಮೂರು ಗಂಟೆಗೆ ನಾನೇ ಹೋಗಿ ಡಬ್ಬ ಇಳಿಸಿದೆ.”

“ಕೀಲಿ?”

“ನನ್ನ ಕಿಸೆಯಲ್ಲೇ ಇತ್ತು. ಕಾರೂ ಕಣ್ಣೆದುರೇ ಇತ್ತು.”

“ಡಬ್ಬ ತೆಗೆಯುವಾಗ ಟೈರು ನೋಡಿದಿರಾ?”

“ಟೈರು ಇತ್ತು. ಹೊಸತೋ ಹಳತೋ ಯಾರಿಗೆ ಗೊತ್ತು? ದೋಸೆ ಕಾವಲಿಯಾಗಿದ್ದರೆ ಹೇಳ್ತಿದ್ದೆ.”

ಒಳಗಿನಿಂದ ನಾಗವೇಣಿ ಕೂಗಿದರು. “ಆ ಡಬ್ಬ ಸೋರಿತ್ತು ಪಾಂಡು! ತಳದ ಬೆಸುಗೆ ಬಿಟ್ಟಿತ್ತು. ಕಾಲು ಸೇರಾದರೂ ಹೋಗಿರಬೇಕು. ಇವರ ಪಂಚೆ ಎಲ್ಲ ಎಣ್ಣೆ!”

ಪಾಂಡುರಂಗರು ಕಾಫಿ ಲೋಟ ಕೆಳಗಿಟ್ಟರು.

“ನಿಮ್ಮ ಕಾರಿನ ಡಿಕ್ಕಿಯಲ್ಲಿ ಸೋರಿತ್ತಾ ಭಾವ?”

“ಇಲ್ಲ. ಡಬ್ಬ ತೆಗೆಯುವಾಗ ನಾನೇ ನೋಡಿದ್ದೆ. ಒಣಗಿಯೇ ಇತ್ತು.”

“ಏಳಿ. ಬಿಸಿಲು ಏರುವ ಮೊದಲು ಶೋರೂಮಿಗೆ ಹೋಗುವ.”

“ಬಿಸಿಲಿಗೂ ಟೈರಿಗೂ ಎಂತ ಸಂಬಂಧ?”

ಪಾಂಡುರಂಗರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಎಂಟೂವರೆಗೆ ಶೋರೂಮು ತಲುಪಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಗೇಟಿನ ಹತ್ತಿರ ಭೀಖು ಶಾಲು ಹೊದ್ದು ನಿಂತಿದ್ದ. ಪೊಲೀಸರು ಹುಡುಕಿಕೊಂಡು ಬರುವುದು ಬೇಡವೆಂದು ತಾನೇ ಬಂದಿದ್ದ. ಐತಾಳರು ಅವನತ್ತ ಒಂದು ಹೆಜ್ಜೆ ಇಟ್ಟರು. ಅವನು ಮುಖ ಆಚೆ ತಿರುಗಿಸಿದ.

ದೇಸಾಯಿಯವರು ತಮ್ಮ ಕೋಣೆಯ ಬೀಗ ತೆಗೆದರು. ನಟವರಲಾಲನೂ ಬಂದ. ಟೈರು ಗೋಡೆಗೆ ಒರಗಿತ್ತು, ಮೈಯೆಲ್ಲ ಧೂಳು.

ಪಾಂಡುರಂಗರು ಅದನ್ನು ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. ಅವರ ಹಿಂದಿ ಐತಾಳರದಕ್ಕಿಂತ ಚೆನ್ನಾಗಿತ್ತು.

“ನಟವರಭಾಯಿ, ಕಾರು ಒಪ್ಪಿಸುವಾಗ ಹೊಸ ಸ್ಟೆಪ್ನಿ ಡಿಕ್ಕಿಯಲ್ಲೇ ಇತ್ತಲ್ಲವೇ?”

“ಇತ್ತು.”

“ಬೇರೆ ಯಾರೋ ಹೇಳಿದ್ದೋ, ನೀವೇ ನೋಡಿದ್ದೋ?”

“ಈ ಕಣ್ಣಿನಿಂದಲೇ ನೋಡಿದ್ದೇನೆ ಸಾಹೇಬ್! ಶೇಠರ ಡಬ್ಬವನ್ನು ಅದರ ಮೇಲೆ ಇಟ್ಟವನೇ ನಾನು. ಹೊಸ ರಬ್ಬರಿನ ಕೂದಲು ಕೂಡ ಉದುರಿರಲಿಲ್ಲ. ಚೌಕಿಯಲ್ಲಿ ಬೇಕಾದರೂ ಹೇಳುತ್ತೇನೆ.”

“ಡಬ್ಬವನ್ನು ಟೈರಿನ ಮೇಲೆಯೇ ಇಟ್ಟಿರಿ? ಪಕ್ಕದಲ್ಲಿ ಅಲ್ಲ?”

“ಪಕ್ಕದಲ್ಲಿ ಜಾಗ ಎಲ್ಲಿದೆ? ಟೈರು ಮಲಗಿಸಿದರೆ ಡಿಕ್ಕಿ ತುಂಬಿತು.”

“ಸರಿ. ದೇಸಾಯಿ ಸಾಹೇಬರೇ, ಶುಕ್ರವಾರದಿಂದ ಇಂದಿನವರೆಗೆ ಈ ಕೋಣೆಯ ಕೀಲಿ?”

“ನನ್ನ ಹತ್ತಿರವೇ.”

ಪಾಂಡುರಂಗರು ಎದ್ದರು. ಟೈರನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕಬ್ಬಿಣದ ಚಕ್ರಕ್ಕೂ ರಬ್ಬರಿಗೂ ನಡುವಿನ ಸಂದಿಯ ಧೂಳನ್ನು ಕರವಸ್ತ್ರದಿಂದ ಒರೆಸಿದರು. ಒಳಗೆ ಬೆಳ್ಳಗೆ ಏನೋ ಹೆಪ್ಪುಗಟ್ಟಿ ಕೂತಿತ್ತು, ಅಂಗೈ ಉದ್ದಕ್ಕೆ.

“ಗ್ರೀಸು,” ಎಂದ ನಟವರಲಾಲ.

“ಗ್ರೀಸು ಇಷ್ಟು ಬೆಳ್ಳಗಿರುತ್ತದೆಯೇ?”

ಉಗುರಿನಿಂದ ಅದನ್ನು ಕೆರೆದು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ತಿಳಿಯಾದ ಎಣ್ಣೆ ಮಿನುಗುತ್ತಿತ್ತು. ದೇಸಾಯಿಯವರ ಮೂಗಿನ ಬಳಿ ಹಿಡಿದರು.

“ಕೋಪ್ರೇಲ್!” ಎಂದರು ದೇಸಾಯಿ. “ತೆಂಗಿನೆಣ್ಣೆ!”

ನಟವರಲಾಲ ನಕ್ಕ. “ಅದರಲ್ಲೇನು? ಎಲ್ಲರೂ ತಲೆಗೆ ಹಚ್ಚಿಕೊಳ್ಳುತ್ತಾರೆ.”

“ತಲೆಗೆ ಹಚ್ಚಿಕೊಳ್ಳುತ್ತಾರೆ. ಸ್ಟೆಪ್ನಿಗೆ ಹಚ್ಚುತ್ತಾರೆಯೇ?” ಪಾಂಡುರಂಗರು ಕೈ ಒರೆಸಿಕೊಂಡರು. “ದೇಸಾಯಿ ಸಾಹೇಬರೇ, ನಮ್ಮ ಅಕ್ಕನ ಮನೆಗೆ ಬಂದ ಡಬ್ಬದ ತಳದ ಬೆಸುಗೆ ಬಿಟ್ಟಿತ್ತು. ಆದರೆ ಚಳಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿರುತ್ತದೆ, ಸೋರುವುದಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಸೋರಲಿಲ್ಲ. ನೆರಳಿನಲ್ಲಿ ನಿಂತಿದ್ದ ಭಾವನ ಕಾರಿನಲ್ಲೂ ಸೋರಲಿಲ್ಲ. ಮಧ್ಯಾಹ್ನ ನಟವರಭಾಯಿ ಅದನ್ನು ಬಿಸಿಲಲ್ಲಿ ಕಾದ ಕಪ್ಪು ಕಾರಿನೊಳಗೆ ಇಟ್ಟರು. ಅಲ್ಲಿ ಕರಗಿತು. ಕೆಳಗಿದ್ದ ಟೈರಿನ ಮೇಲೆ ಇಳಿಯಿತು. ಮೂರು ಗಂಟೆಗೆ ಡಬ್ಬ ಇಳಿಸಿಯಾಯಿತು. ಆ ಕಾರಿನೊಳಗೆ ತೆಂಗಿನೆಣ್ಣೆ ಇದ್ದದ್ದು ಆ ಎರಡೂವರೆ ಗಂಟೆ ಮಾತ್ರ.”

ದೇಸಾಯಿ ನಿಧಾನವಾಗಿ ತಲೆಯಾಡಿಸಿದರು. “ಹಾಗಾದರೆ ಆ ಎರಡೂವರೆ ಗಂಟೆ ಡಬ್ಬದ ಕೆಳಗೆ ಇದ್ದ ಟೈರು—”

“ಇದೇ. ಈ ಸವೆದ ಟೈರು. ಆಗ ಕೀಲಿ ಭಾವನ ಕಿಸೆಯಲ್ಲಿ, ಭೀಖು ಬಾರ್ಡೋಲಿಯಲ್ಲಿ. ಅಂದರೆ ಕಾರು ನಿಮ್ಮ ಗೇಟು ದಾಟುವಾಗಲೇ ಹೊಸ ಟೈರು ಅದರಲ್ಲಿ ಇರಲಿಲ್ಲ.”

“ಗೋದಾಮಿನವರು ಹಾಕದೆ ಇದ್ದಿರಬಹುದು,” ಎಂದ ನಟವರಲಾಲ. ಅವನ ದನಿ ಬದಲಾಗಿತ್ತು. “ನನಗೇನು ಗೊತ್ತು?”

“ಇರಬಹುದಿತ್ತು. ಹತ್ತು ನಿಮಿಷದ ಹಿಂದೆ ನೀವು ಹಾಗೆ ಹೇಳಿದ್ದರೆ ನಾನು ಗೋದಾಮಿನವರನ್ನೇ ಕೇಳುತ್ತಿದ್ದೆ. ಆದರೆ ಡಬ್ಬವನ್ನು ಇಟ್ಟವರು ನೀವು. ಹೊಸ ಟೈರಿನ ಮೇಲೆಯೇ ಇಟ್ಟೆ, ರಬ್ಬರಿನ ಕೂದಲೂ ಕಂಡೆ ಎಂದವರೂ ನೀವು. ಆ ಹೊತ್ತಿಗೆ ನಿಮ್ಮ ಕಣ್ಣೆದುರು ಇದ್ದದ್ದು ಈ ಟೈರು. ಮರೆತು ಹೇಳಿದ ಮಾತಲ್ಲ ಅದು, ನಟವರಭಾಯಿ. ಕಟ್ಟಿ ಹೇಳಿದ ಮಾತು. ಹೊಸ ಟೈರು ಎಲ್ಲಿ?”

ನಟವರಲಾಲ ದೇಸಾಯಿಯವರನ್ನು ನೋಡಿದ, ಬಾಗಿಲನ್ನು ನೋಡಿದ. ಕೊನೆಗೆ ನೆಲ ನೋಡಿದ.

“ಸಚಿನ್ ಊರಿನ ಕಡೆಯ ಟ್ಯಾಕ್ಸಿಯವನಿಗೆ ಕೊಟ್ಟೆ,” ಎಂದ. “ಶೇಠ್ ದೊಡ್ಡ ಮನುಷ್ಯರು, ಸುಮ್ಮನೆ ಬೆಲೆ ಕೊಟ್ಟುಬಿಡುತ್ತಾರೆ ಅಂದುಕೊಂಡೆ. ಡ್ರೈವರನ್ನು ಜೈಲಿಗೆ ಹಾಕಿಸುವ ಯೋಚನೆ ನನಗಿರಲಿಲ್ಲ.”

“ಚೌಕಿಯಲ್ಲಿ ಬೇಕಾದರೂ ಹೇಳುತ್ತೇನೆ ಎಂದಿರಲ್ಲ?” ಎಂದರು ಪಾಂಡುರಂಗರು.

ದೇಸಾಯಿಯವರು ನಟವರಲಾಲನಿಂದ ಗೋದಾಮಿನ ಕೀಲಿ ತೆಗೆದುಕೊಂಡು, ಹೊರಗೆ ಕುಳಿತಿರಲು ಹೇಳಿದರು. ಆಮೇಲೆ ಐತಾಳರ ಮುಂದೆ ಕೈ ಮುಗಿದರು.

“ನನಗಲ್ಲ,” ಎಂದರು ಐತಾಳರು. “ಗೇಟಿನ ಹತ್ತಿರ ನಿಂತಿದ್ದಾನಲ್ಲ, ಅವನಿಗೆ.”

ದೇಸಾಯಿಯವರು ಅಂಗಳಕ್ಕೆ ಹೋಗಿ ಮೆಕ್ಯಾನಿಕ್ಕರೆಲ್ಲ ಕೇಳುವಂತೆ ಭೀಖುವಿನ ಕ್ಷಮೆ ಕೇಳಿದರು. ಅವನು ಸುಮ್ಮನೆ ತಲೆಯಾಡಿಸಿದ. ಅವರು ಒಳಗೆ ಹೋದ ಮೇಲೆ ಐತಾಳರು ಅವನ ಎದುರು ನಿಂತರು.

ಭೀಖುವೇ ಮೊದಲು ಮಾತಾಡಿದ. “ಶೇಠ್, ನೀವು ಕೇಳಿದ್ದು ತಪ್ಪಲ್ಲ. ಯಾರಾದರೂ ಕೇಳುತ್ತಾರೆ. ಆದರೆ ಕೇಳುವಾಗ ನೀವು ನನ್ನ ಮುಖ ನೋಡಲಿಲ್ಲ. ಆ ನಟವರಲಾಲನ ಮುಖ ನೋಡಿಕೊಂಡು ಕೇಳಿದಿರಿ.”

ಐತಾಳರು ಶುಕ್ರವಾರವನ್ನು ನೆನೆದರು. ಹೌದು, ಹಾಗೆಯೇ ಕೇಳಿದ್ದರು.

“ತಪ್ಪಾಯಿತು ಭೀಖು,” ಎಂದರು, ಈ ಸಲ ಅವನ ಕಣ್ಣನ್ನೇ ನೋಡುತ್ತ. “ನಾಳೆಯಿಂದ ಕೆಲಸಕ್ಕೆ ಬಾ.”

“ನಾಳೆ ಆಗುವುದಿಲ್ಲ ಶೇಠ್. ನವಸಾರಿ ಹತ್ತಿರ ನಮ್ಮ ಹಳ್ಳಿಗೆ ಹೋಗಬೇಕು. ಇಲ್ಲಿನ ಒಬ್ಬ ಮೆಕ್ಯಾನಿಕ್ಕು ನಮ್ಮೂರವನೇ. ಶನಿವಾರವೇ ಅವ್ವನ ಕಿವಿಗೆ ಮುಟ್ಟಿಸಿದ್ದಾನೆ, ನಿನ್ನ ಮಗ ಕದ್ದ ಅಂತ. ಎರಡು ದಿನದಿಂದ ಊಟ ಬಿಟ್ಟಿದ್ದಾಳಂತೆ.”

ಶೆಡ್ಡಿನಿಂದ ಐತಾಳರ ಕಾರನ್ನು ಹೊರಗೆ ತಂದು ನಿಲ್ಲಿಸಿದ್ದರು. ಗೇರ್‌ಬಾಕ್ಸಿನ ಸದ್ದು ನಿಂತಿತ್ತು. ಹೋಟೆಲಿನಲ್ಲಿ ತಿಂಡಿಯ ಹೊತ್ತು, ಗಲ್ಲಾಪೆಟ್ಟಿಗೆಯ ಮುಂದೆ ಯಾರೂ ಇಲ್ಲ. ಐತಾಳರು ಗಡಿಯಾರ ನೋಡಿಕೊಳ್ಳಲಿಲ್ಲ.

“ಪಾಂಡು, ನೀನು ನಡೆದುಕೊಂಡು ಮನೆಗೆ ಹೋಗು. ತಿಂಡಿ ತಿನ್ನು. ಅಕ್ಕನಿಗೆ ಹೇಳು, ನಾನು ಬರುವಾಗ ಸಂಜೆ ಆಗ್ತದೆ.”

“ಎಲ್ಲಿಗೆ ಭಾವ?”

“ಕದ್ದ ಅಂತ ಹೇಳಲಿಕ್ಕೆ ಊರಿನವರು ಹೋದರು. ಕದಿಯಲಿಲ್ಲ ಅಂತ ಇವನೊಬ್ಬನೇ ಹೋಗಿ ಹೇಳಿದರೆ ಯಾರು ನಂಬ್ತಾರೆ? ಅವ್ವನಿಗೆ ನಾನೇ ಹೇಳಬೇಕು.”

ಐತಾಳರು ಆಗಲೇ ಸ್ಟಿಯರಿಂಗಿನ ಮುಂದೆ ಕುಳಿತು, ಪಕ್ಕದ ಬಾಗಿಲನ್ನು ಒಳಗಿನಿಂದ ತೆರೆದಿದ್ದರು.

“ಹತ್ತು,” ಎಂದರು. “ಉಧ್ನಾ ದಾಟಿದ ಮೇಲೆ ದಾರಿ ನೀನು ಹೇಳಬೇಕು.”