ಗುಬ್ಬಿ ಇಲ್ಲದ ಪರದೆ

ಪರದೆ ಕಪ್ಪಗಿತ್ತು. ಮೇಲಿನ ಮೂಲೆಯಲ್ಲಿ ಒಂದು ಬಿಳಿ ಗೀಟು ಮಾತ್ರ ಕಣ್ಣು ಮಿಟುಕಿಸುತ್ತಿತ್ತು. ಅವಳು ಅದನ್ನೇ ದಿಟ್ಟಿಸುತ್ತ ಕೂತಿದ್ದಾಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಯಾರೆಂದು ತಿರುಗಿ ನೋಡಬೇಕಾಗಲಿಲ್ಲ. ಒಂದು ಚಪ್ಪಲಿಯನ್ನು ಮೆಲ್ಲಗೆ ಬಿಟ್ಟು ಇನ್ನೊಂದನ್ನು ಗೋಡೆಗೆ ಒದೆಯುವ ಮನುಷ್ಯ ಅವಳಿಗೆ ಗೊತ್ತಿದ್ದಂತೆ ಲೋಕಕ್ಕೆ ಒಬ್ಬನೇ.

"ಕಟ್ಟಿದವನೇ ಬಿಚ್ಚಲಿ ಅಂತ ನಾನೇ ಫೋನ್ ಮಾಡಿದೆ," ಎಂದು ಅಡುಗೆಮನೆಯಿಂದಲೇ ಹೇಳಿದ ಅಕ್ಕ ತನ್ನ ಪಾಡಿಗೆ ಪಾತ್ರೆ ತೊಳೆಯತೊಡಗಿದಳು. ಇಂಥ ಕೆಲಸಗಳಲ್ಲಿ ಅಕ್ಕನದು ಎತ್ತಿದ ಕೈ.

ಈ ಕಂಪ್ಯೂಟರ್ ಜೋಡಿಸಿಕೊಟ್ಟವನು ಅವನೇ. ಅಕ್ಕ ಇಟ್ಟ ಹೆಸರು ಸ್ಕ್ರೂಡ್ರೈವರ್ ಸಾಹೇಬ. ಅವಳು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳು. ಕೆಲಸ ಹಿಡಿದರೆ ಊಟ ನಿದ್ದೆಯ ನೆನಪಿಲ್ಲ. ಅದಕ್ಕೆಂದೇ ಅವನೊಂದು ಪುಟ್ಟ ಪ್ರೋಗ್ರಾಂ ಬರೆದು ಕೂರಿಸಿದ್ದ. ಗಂಟೆಗೊಮ್ಮೆ ಪರದೆಯ ಮೂಲೆಗೆ ಗುಬ್ಬಿಯೊಂದು ಕುಪ್ಪಳಿಸಿ ಬಂದು, 'ಕಣ್ಣು ಮುಚ್ಚೇ, ಸಾಕು' ಎನ್ನುತ್ತಿತ್ತು.

ಮದುವೆಯಾಗೋಣ ಎಂದು ಅವನು ಕೇಳಿದಾಗ, ಈ ಪುಸ್ತಕ ಮುಗಿಯಲಿ ಎಂದಿದ್ದಳು. ಅದು ಮುಗಿದು ಇನ್ನೊಂದು ಬಂತು. ಅಲ್ಪವಿರಾಮವನ್ನೂ ಅನುಮಾನಿಸುವ ಹುಡುಗಿ ಅವನ ಪ್ರಶ್ನೆಯನ್ನೂ ತಿರುಗಿಸಿ ಮುರುಗಿಸಿ ನೋಡುತ್ತ ಕೂತಳು. ಕಾದು ಕಾದು ಅವನು ಬರುವುದನ್ನೇ ಬಿಟ್ಟ. ಗುಬ್ಬಿ ಮಾತ್ರ ತಪ್ಪದೆ ಬರುತ್ತಿತ್ತು.

ನಿನ್ನೆ ಅವನ ಮದುವೆ ನಿಶ್ಚಯವಾದ ಸುದ್ದಿ ಬಂತು, ಹಿಂದೆಯೇ ಗುಬ್ಬಿಯೂ ಬಂತು. ಅವಳಿಗೆ ರೇಗಿಹೋಯಿತು. ಗುಬ್ಬಿಯನ್ನೂ ಅದು ಆತುಕೊಂಡಿದ್ದ ಸಕಲವನ್ನೂ ತೆಗೆದುಹಾಕು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟಳು. ಇಷ್ಟೆಲ್ಲ ಹೋಗುತ್ತದೆ, ಆಗಬಹುದೇ ಎಂದು ಅದು ಉದ್ದಕ್ಕೆ ವರದಿ ಒಪ್ಪಿಸಿ ಕೇಳಿತು. ಓದದೆ ಹೂಂ ಅಂದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ, ಗುಬ್ಬಿಯ ಜೊತೆ ಇಡೀ ಡೆಸ್ಕ್‌ಟಾಪೇ ಹೋಗಿ ಬರೀ ಕಪ್ಪು ಪರದೆ ಉಳಿಯಿತು.

"ಸ್ವಲ್ಪ ಜರುಗ್ತೀರಾ?" ಎಂದ ಅವನು. ಆ ಬಹುವಚನ ಅವಳಿಗೆ ನೆಟ್ಟಗೆ ನಾಟಿತು.

ವೈಫೈ ಕೂಡ ಸತ್ತಿದ್ದರಿಂದ ಕೇಬಲ್ ಎಳೆದು ಸಿಕ್ಕಿಸಿ, ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಟೈಪ್ ಮಾಡಿದ. ಫೈಲುಗಳಿಗೆ ಏನೂ ಆಗಿಲ್ಲ, ಮನೆಯೊಳಗೆಲ್ಲ ಭದ್ರ, ಮುಂಬಾಗಿಲು ಕಿತ್ತುಹೋಗಿದೆ ಅಷ್ಟೆ ಎಂದು ಸಮಾಧಾನ ಹೇಳಿದ. ಆಮೇಲೆ ಏನೇನು ಹೋಗಿದೆ ಎಂದು ನೋಡಿದವನ ಬೆರಳು ನಿಂತಿತು. ಕಿವಿಯ ತುದಿ ಕೆಂಪಾಯಿತು. ತುಟಿಯ ಒಂದೇ ಬದಿಗೆ ಆ ಹಳೆಯ ನಗು ಬಂದು ಹೋಯಿತು.

"ಪಾಪ, ಗುಬ್ಬಿ ಏನ್ ಮಾಡಿತ್ತು?"

ಈಗ ಬಿಟ್ಟರೆ ಇನ್ನಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಾನು ಓದದೆ ಹೂಂ ಅಂದಿದ್ದು ಇದೊಂದೇ ಸಲ. ಹೂಂ ಅನ್ನಬೇಕಾದಾಗ ಓದ್ತಾ ಕೂತೆ. ನೀನಂದ್ರೆ ನಂಗೆ ಆಗ್ಲೂ ಇಷ್ಟ ಇತ್ತು, ಈಗ್ಲೂ ಇದೆ."

ಅಡುಗೆಮನೆಯ ಪಾತ್ರೆಗಳು ಸದ್ದು ನಿಲ್ಲಿಸಿದವು. ಅವನು ಕೀಬೋರ್ಡ್ ನೋಡುತ್ತಲೇ ಇದ್ದ.

"ದಿನಾ ಫೋನ್ ನೋಡ್ತಿದ್ದೆ ಕಣೇ," ಎಂದ. ಬಹುವಚನ ಮರೆತೇಹೋಗಿತ್ತು. "ಈಗ ಅವಳಿಗೆ ಮಾತು ಕೊಟ್ಟಿದೀನಿ. ಒಳ್ಳೆಯವಳು. ಕೇಳಿದ ತಕ್ಷಣ ಹೂಂ ಅಂದ್ಲು."

ಅವಳಿಗೆ ಅವನ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಸುಲಭವಿತ್ತು. ಬರಲಿಲ್ಲ.

ಅಷ್ಟರಲ್ಲಿ ಡೆಸ್ಕ್‌ಟಾಪ್ ಮರಳಿ ಬಂತು. ಅವನು ಹಿಂದೆ ಮಾಡಿಕೊಟ್ಟಿದ್ದ ಅಲಂಕಾರ ಒಂದೂ ಇರಲಿಲ್ಲ. ಖಾಲಿ ನೀಲಿ ಬಣ್ಣ, ಯಾರ ಮನೆಯದೋ ಎನ್ನುವಂತಿತ್ತು. ಅವಳ ಕಣ್ಣಿಗೆ ಒಗ್ಗುವಂತೆ ಅಕ್ಷರಗಳನ್ನು ದೊಡ್ಡದು ಮಾಡಿದ. ಅದನ್ನು ಅವನು ಮರೆತಿರಲಿಲ್ಲ. ಈ ಬದಲಾವಣೆ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಮೂಡಿ, ಪಕ್ಕದಲ್ಲಿ ಸೆಕೆಂಡುಗಳು ಇಳಿಯತೊಡಗಿದವು.

"ಉತ್ತರ ಕೊಡದಿದ್ರೆ ತಾನಾಗೇ ಹಳೇದಕ್ಕೆ ಹೋಗತ್ತೆ," ಎಂದ ಮೆಲ್ಲಗೆ.

ಅವಳು ಓದಿದಳು. ಕಾಯದೆ, ಉಳಿಸು ಎಂದು ಒತ್ತಿದಳು.

ಎದ್ದು ನಿಂತವನು, ಗುಬ್ಬಿ ತನ್ನ ಹತ್ತಿರ ಇನ್ನೂ ಇದೆ, ಹಾಕಿಕೊಡಲೇ ಎಂದು ಕೇಳಿದ.

"ಬೇಡ. ಇನ್ನು ಅದು ಬೇರೆ ಮನೆ ಗುಬ್ಬಿ."

ಅವನು ಹೋದಮೇಲೆ ಕರಡು ತೆರೆದಳು. ಗಂಟೆ ಕಳೆದಾಗ ಕಣ್ಣು ತಾನಾಗಿ ಮೂಲೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕನ್ನಡಕ ತೆಗೆದಿಟ್ಟು ತಾನೇ ಕಣ್ಣು ಮುಚ್ಚಿದಳು. ಎಲ್ಲ ಸರಿಹೋಯಿತೇ ಎಂದು ಅಕ್ಕ ಬಂದು ಕೇಳಿದಾಗ ಹೂಂ ಅಂದಳು, ಕಣ್ಣು ಮಾತ್ರ ತೆರೆಯಲಿಲ್ಲ.